ಹೊರಗಿನ ಮೇಷ್ಟ್ರಿಗೆ ಮೂರು ಸಹಿ

ಅವತ್ತು ಬೆಳಿಗ್ಗೆ ಏಳೂವರೆಯಾದರೂ ಕೆಳಗಿನಿಂದ ಟೀ ಬರಲಿಲ್ಲ. ಹನ್ನೊಂದು ವರ್ಷದಲ್ಲಿ ಇಂಥದ್ದು ಆದದ್ದೇ ಇಲ್ಲ. ಮೇಲ್ಮನೆ ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು ಎರಡು ಸಲ ಕೆಮ್ಮಿದರು. ಉತ್ತರವಾಗಿ ಅಡುಗೆಮನೆಯಲ್ಲಿ ಪಾತ್ರೆಯೊಂದು ಧಡಾರನೆ ಬಿತ್ತು. ಓನರಮ್ಮನಿಗೆ ಸಿಟ್ಟು ಬಂದಿದೆ ಎಂದು ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಮೇಷ್ಟ್ರು ಈ ದೇಶದವರಲ್ಲ. ಎರಡು ವರ್ಷ ಪಾಠ ಹೇಳಿ ಹೋಗೋಣವೆಂದು ಸಮುದ್ರದಾಚೆಯಿಂದ ಬಂದವರು ಇಲ್ಲೇ ಉಳಿದುಬಿಟ್ಟರು. ಇಲ್ಲಿಯ ಭಾಷೆ ಕಲಿತರು, ತರಕಾರಿಯವನ ಜೊತೆ ಚೌಕಾಸಿ ಮಾಡಲು ಕಲಿತರು, ಇಲ್ಲಿಯ ಸುದ್ದಿ ಮತ್ತು ದಿನದ ಬದುಕಿನ ಬಗ್ಗೆ ವಾರಕ್ಕೊಮ್ಮೆ ಪೇಪರಿನಲ್ಲಿ ಅಂಕಣವನ್ನೂ ಬರೆಯತೊಡಗಿದರು. ಬೀದಿಯವರಿಗೆ ಅದೊಂದು ಹೆಮ್ಮೆ. ಎದುರಿನ ಕ್ಷೌರದಂಗಡಿಯಲ್ಲಿ ಅದನ್ನು ಗಟ್ಟಿಯಾಗಿ ಓದಿಸುತ್ತಿದ್ದರು.

ಗ್ರಹಚಾರ ವಕ್ಕರಿಸಿದ್ದು ಅವತ್ತು ಬೆಳಿಗ್ಗೆ ಬಂದ ಈ ವಾರದ ಅಂಕಣದಿಂದ. ಪಕ್ಕದ ಬಡಾವಣೆಯಲ್ಲಿ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿಕೊಂಡಿದ್ದ ಮುದುಕರೊಬ್ಬರು ತೀರಿಕೊಂಡಿದ್ದರು. ಪೇಪರಿನಲ್ಲಿ ಮೂರೇ ಸಾಲು, ಮೇಲೊಂದು ತಲೆಬರಹ: ‘ಹೊರಗಿನಿಂದ ಬಂದಿದ್ದ ವ್ಯಕ್ತಿ ಸಾವು’. ಮೇಷ್ಟ್ರು ಅದನ್ನು ಎರಡು ಸಲ ಓದಿ ಪೆನ್ನು ಹಿಡಿದರು. ಊರಿಗೆಲ್ಲ ಸರಿಯಾದ ಹೊತ್ತು ತೋರಿಸಿದ ಮನುಷ್ಯನಿಗೇ ನಲವತ್ತು ವರ್ಷ ಸಾಲದಿದ್ದರೆ ನನ್ನ ಹನ್ನೊಂದು ಯಾವ ಮೂಲೆಗೆ ಎಂದು ಬರೆದರು. ‘ನಾನೂ ಇಲ್ಲಿ ಹೊರಗಿನವನೇ’ ಎಂದು ಮುಗಿಸಿದರು. ಬರೆಯುವಾಗ ಅವರ ಕಣ್ಣು ಒದ್ದೆಯಾಗಿತ್ತು. ಓದುವಾಗ ಓನರಮ್ಮನದೂ ಆಯಿತು.

ಅದೂ ಎಂಥ ದಿನ! ಮೇಷ್ಟ್ರ ವಾಸದ ಪರವಾನಗಿ ಅವತ್ತಿಗೆ ಮುಗಿಯುತ್ತಿತ್ತು. ಪ್ರತಿಸಲ ಕಚೇರಿಯಲ್ಲೇ ಮುಗಿಯುತ್ತಿದ್ದ ಕೆಲಸಕ್ಕೆ ಈ ಸಲ ಹೊಸ ನಿಯಮ ಬಂದಿತ್ತು. ಹನ್ನೊಂದು ಗಂಟೆಗೆ ಅಧಿಕಾರಿಯೊಬ್ಬರು ಮನೆಗೇ ಬಂದು, ಹೊರದೇಶದ ಈ ವ್ಯಕ್ತಿ ಇಲ್ಲೇ ಇದ್ದಾರೆಂದು ಬರೆದುಕೊಂಡು ಹೋಗಬೇಕು. ಬರೆದರೆ ಐದು ವರ್ಷ ನಿಶ್ಚಿಂತೆ. ಇಲ್ಲದಿದ್ದರೆ ಹದಿನೈದು ದಿನದಲ್ಲಿ ಗಂಟುಮೂಟೆ ಕಟ್ಟಬೇಕು. ಹುಟ್ಟಿದೂರಿನಲ್ಲಿ ಅವರಿಗೆ ಬಾಗಿಲು ತೆರೆಯುವವರು ಯಾರೂ ಉಳಿದಿರಲಿಲ್ಲ.

ಹತ್ತು ಗಂಟೆಯವರೆಗೂ ಟೀಗಾಗಿ ಕಾದು, ಮೇಷ್ಟ್ರು ಪಾಸ್‌ಪೋರ್ಟನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು ಕೆಳಗಿಳಿದರು.

“ಅಕ್ಕ, ಟೀ...”

“ಹೊರಗಿನವರಿಗೆಲ್ಲ ಬೆಳಿಗ್ಗೆ ಎದ್ದು ಟೀ ಮಾಡೋಕೆ ನನಗೇನು ಹುಚ್ಚಾ?” ಓನರಮ್ಮ ತಿರುಗಿಯೂ ನೋಡಲಿಲ್ಲ. “ನಿಮಗೆ ಜ್ವರ ಬಂದಾಗ ಮೂರು ದಿನ ಪಕ್ಕದಲ್ಲಿ ಕೂತಿದ್ದು ಯಾರು? ಪೇಪರಿನವರಾ?”

“ತಪ್ಪಾಯ್ತು ಅಕ್ಕ, ಹೊಟ್ಟೆಗೆ ಹಾಕ್ಕೊಳ್ಳಿ.”

ಇಂಥ ಹೊತ್ತಿನಲ್ಲಿ ಹೊರದೇಶದವನ ತನಿಖೆಯ ಮಾತೆತ್ತಲು ಅವರಿಗೆ ಧೈರ್ಯ ಬರಲಿಲ್ಲ. ಬಾಗಿಲಿಗೆ ಬಂದರು. ಅಲ್ಲಿ ಪಕ್ಕದಂಗಡಿಯ ಟೈಲರ್ ಕಾದಿದ್ದ.

“ಕೋಟಿನ ಗುಂಡಿ ಬೀಳೋ ಹಾಗಿದೆ, ಬಿಚ್ಚಿ ಕೊಡಿ. ಅಥವಾ ಇನ್ಮೇಲೆ ಬೇರೆ ಟೈಲರ್ ಹತ್ರ ಹೋಗ್ತೀರೋ? ನಾವೇನು ನಿಮಗೆ ಆಗಬೇಕಾದವರಾ?”

ಇವನನ್ನಾದರೂ ಸಮಾಧಾನ ಮಾಡೋಣವೆಂದು ಮೇಷ್ಟ್ರು ಕೋಟು ಬಿಚ್ಚಿ ಕೊಟ್ಟರು. ಪಾಸ್‌ಪೋರ್ಟ್ ನೆನಪಿಗೆ ಬರುವಷ್ಟರಲ್ಲಿ ಕ್ಷೌರಿಕ ಅವರ ತೋಳು ಹಿಡಿದು ಎಳೆದಾಗಿತ್ತು.

“ನಮ್ಮವರಾದ್ರೆ ಬಂದು ಕೂತ್ಕೊಳ್ಳಿ ಮೇಷ್ಟ್ರೇ. ಹೊರಗಿನವರಾದ್ರೆ ಬಲವಂತ ಇಲ್ಲ.”

ಮೇಷ್ಟ್ರು ಹೋಗಿ ಕೂತರು. “ಬರೀ ಅಂಚು ಸವರಿ ಸಾಕು, ಯಾರೋ ಬರೋರಿದ್ದಾರೆ” ಎಂದರು. ಆದರೆ ಕ್ಷೌರಿಕನ ಮನಸ್ಸು ನೊಂದಿತ್ತು. ನೊಂದಾಗ ಅವನ ಬಾಯಿ ಜೋರು, ಕೈ ಇನ್ನೂ ಜೋರು. “ಹೊರಗಿನವರ ಕುತ್ತಿಗೆ ಹತ್ರ ಇಷ್ಟು ಪ್ರೀತಿಯಿಂದ ಕತ್ತಿ ಇಡ್ತೀನಾ, ನೀವೇ ಹೇಳಿ!” ಎನ್ನುತ್ತ ಹನ್ನೊಂದು ವರ್ಷದ ಗಡ್ಡದಲ್ಲಿ ಅರ್ಧವನ್ನು ನೆಲಕ್ಕೆ ಕೆಡವಿದ.

ಆಗಲೇ ಕನ್ನಡಿಯಲ್ಲಿ ಸ್ಕೂಟರ್ ಕಂಡಿತು. ಎದುರು ಮನೆಯ ಗೇಟಿನಲ್ಲಿ ಫೈಲು ಹಿಡಿದ ಅಧಿಕಾರಿ ನಿಂತಿದ್ದರು.

“ಇಲ್ಲಿ ಹೊರದೇಶದವರೊಬ್ಬರು ಇದ್ದಾರಂತಲ್ಲಮ್ಮ?”

ಓನರಮ್ಮನಿಗೆ ಬೆಳಗಿನಿಂದ ಕುದಿಯುತ್ತಿದ್ದದ್ದೆಲ್ಲ ಉಕ್ಕಿತು. “ಯಾರ್ರೀ ಹಾಗಂದದ್ದು? ಈ ಮನೇಲಿ ಹೊರಗಿನವರು ಯಾರೂ ಇಲ್ಲ. ಇರೋದು ನಾನು, ನನ್ನ ತಮ್ಮ.”

“ಹೌದು ಸಾರ್, ಎಲ್ಲಾ ನಮ್ಮವರೇ” ಎಂದ ಟೈಲರ್, ಬಾಯಲ್ಲಿ ದಾರ ಕಚ್ಚಿಕೊಂಡೇ.

ಮೇಷ್ಟ್ರು ಕುತ್ತಿಗೆಗೆ ಕಟ್ಟಿದ್ದ ಬಟ್ಟೆಯ ಸಮೇತ ಬೀದಿಗೆ ಹಾರಿದರು. ಒಂದು ಕೆನ್ನೆಯಲ್ಲಿ ಗಡ್ಡ, ಇನ್ನೊಂದರಲ್ಲಿ ಸೋಪಿನ ನೊರೆ. “ಸಾರ್! ನಾನೇ ಸಾರ್ ಆ ಹೊರಗಿನವನು! ದೇವರಾಣೆ ನಾನೇ!”

ಅಧಿಕಾರಿ ಫೈಲಿನ ಫೋಟೋ ನೋಡಿದರು, ಇವರ ಮುಖ ನೋಡಿದರು. ಫೋಟೋದಲ್ಲಿದ್ದವನಿಗೆ ಎರಡೂ ಕೆನ್ನೆಯಲ್ಲಿ ಗಡ್ಡ, ಅದೂ ಎದೆಮಟ್ಟ. “ಇಷ್ಟು ಚೆನ್ನಾಗಿ ಆಣೆ ಹಾಕ್ತೀರಿ, ನೀವು ಹೊರದೇಶದವರಾ? ಬೆಳಿಗ್ಗೆಬೆಳಿಗ್ಗೆ ತಮಾಷೆ ಬೇಡ.”

“ಪಾಪ, ಪೇಪರಿಗೆ ಬರೆದೂ ಬರೆದೂ ಹೀಗಾಗಿದೆ” ಎಂದರು ಓನರಮ್ಮ, ಮಮತೆಯಿಂದ.

ಮೇಷ್ಟ್ರು ಟೈಲರಂಗಡಿಗೆ ಓಡಿ ಕೋಟಿನಿಂದ ಪಾಸ್‌ಪೋರ್ಟ್ ಎಳೆದು ತರುವಷ್ಟರಲ್ಲಿ ಸ್ಕೂಟರಿನ ಹೊಗೆ ಮಾತ್ರ ಉಳಿದಿತ್ತು. ಅವರು ಗೇಟಿನ ಕಲ್ಲಿನ ಮೇಲೆ ಕುಸಿದು, ಇದ್ದದ್ದನ್ನೆಲ್ಲ ಹೇಳಿದರು. ಓನರಮ್ಮ ಬಾಯಿಗೆ ಸೆರಗು ಹಿಡಿದರು. “ಅಯ್ಯೋ, ಮೊದಲೇ ಬಾಯಿ ಬಿಡಬಾರದಿತ್ತಾ? ನಿಮ್ಮನ್ನ ಕಳಿಸೋದಾ? ಏಳಿ, ಎಲ್ಲರೂ ಹೋಗೋಣ.”

ನಾಲ್ವರೂ ಒಂದೇ ಆಟೋದಲ್ಲಿ ತುಂಬಿಕೊಂಡು ಕಚೇರಿಗೆ ಹೋದರು. ದಾರಿಯುದ್ದಕ್ಕೂ ಕ್ಷೌರಿಕ ಉಳಿದ ಅರ್ಧ ಗಡ್ಡಕ್ಕೆ ಕ್ಷಮೆ ಕೇಳುತ್ತಿದ್ದ.

ಕಚೇರಿಯಲ್ಲಿ ಕಾದೂ ಕಾದೂ ಸರದಿ ಬರುವ ಹೊತ್ತಿಗೆ ಗಂಟೆ ನಾಲ್ಕಾಗಿತ್ತು. ಗುಮಾಸ್ತೆ ಕೆಟ್ಟವರೇನಲ್ಲ. ಪಾಸ್‌ಪೋರ್ಟ್ ನೋಡಿ ತಲೆಯಾಡಿಸಿದರು. “ನೀವು ಯಾರು ಅಂತ ಗೊತ್ತಾಯ್ತು. ಆ ಮನೇಲಿದ್ದೀರಿ ಅಂತ ಮೂರು ಜನ ನೆರೆಯವರು ಈ ಫಾರಂ ತುಂಬಿ ಸಹಿ ಹಾಕಲಿ. ಐದರೊಳಗೆ ಕೊಟ್ಟರೆ ವರದಿ ತಿದ್ದಬಹುದು.”

ಮೂವರೂ ಬೆಂಚಿನ ಮೇಲೆ ಕೂತು, ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಬರೆದರು. ತನಗಾಗಿ ಅಂಗಡಿ ಮುಚ್ಚಿ ಬಂದವರನ್ನು ನೋಡುತ್ತಿದ್ದ ಮೇಷ್ಟ್ರ ಮನಸ್ಸಿನಲ್ಲಿ ಮುಂದಿನ ವಾರದ ಅಂಕಣ ಆಗಲೇ ಮೂಡುತ್ತಿತ್ತು. ಐದಕ್ಕೆ ಹತ್ತು ನಿಮಿಷವಿರುವಾಗ ಫಾರಂ ಕಿಟಕಿಯೊಳಗೆ ಹೋಯಿತು.

ಗುಮಾಸ್ತೆ ಓದುತ್ತ ಓದುತ್ತ ಕನ್ನಡಕ ತೆಗೆದರು. ‘ಅರ್ಜಿದಾರರು ನಿಮಗೆ ಏನಾಗಬೇಕು?’ ಎಂಬ ಖಾನೆಯಲ್ಲಿ ಓನರಮ್ಮ ‘ತಮ್ಮ’ ಎಂದು ಬರೆದಿದ್ದರು. ಟೈಲರ್ ‘ಅಣ್ಣ’ ಎಂದಿದ್ದ. ಕ್ಷೌರಿಕ ದೊಡ್ಡಕ್ಷರದಲ್ಲಿ ‘ಭಾವ’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದ.

“ಸಂಬಂಧಿಕರ ಸಹಿ ನಡೆಯಲ್ಲ ಮೇಷ್ಟ್ರೇ” ಎಂದು ಗುಮಾಸ್ತೆ ಫಾರಂ ಹಿಂದಕ್ಕೆ ತಳ್ಳಿದರು. “ಯಾರಾದರೂ ಹೊರಗಿನವರಿದ್ದರೆ ಬೇಗ ಕರ್ಕೊಂಡು ಬನ್ನಿ.”

ಮೇಷ್ಟ್ರು ತಿರುಗಿ ಬೆಂಚಿನತ್ತ ನೋಡಿದರು. ಕೆಲಸವಾಯಿತೆಂದುಕೊಂಡು ಮೂವರೂ ಎದ್ದು ನಿಂತು ನಗುತ್ತಿದ್ದರು. ಓನರಮ್ಮ ಮನೆಯಿಂದ ತಂದಿದ್ದ ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಿದ್ದರು. ಅವರಲ್ಲಿ ಹೊರಗಿನವರು ಒಬ್ಬರೂ ಇರಲಿಲ್ಲ.