ಅಳಿಯನ ಹಬ್ಬಕ್ಕೆ ಮೂರು ಕಾದಂಬರಿ

ಅಳಿಯನಾದವನು ಅತ್ತೆಮನೆಗೆ ಮೀನನ್ನೇ ಹೊತ್ತುಕೊಂಡು ಹೋಗಬೇಕೆಂದು ಯಾವ ಪುರಾಣದಲ್ಲಿ ಬರೆದಿದೆ? ಈ ಪ್ರಶ್ನೆಯನ್ನು ಸಾಗ್ನಿಕ ಕುಂಡು ಹೆಂಡತಿ ಮೇಖಲಾಳ ಮುಂದೆ ವಾರವಿಡೀ ಇಡುತ್ತಲೇ ಇದ್ದ. ಬೆಳಗ್ಗೆ ಹಲ್ಲುಜ್ಜುತ್ತಾ ಇಡುತ್ತಿದ್ದ, ಬಾಯಿ ತುಂಬ ನೊರೆ ಇದ್ದದ್ದರಿಂದ ಆಕೆಗೆ ಅರ್ಥವಾಗುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತು ಇಡುತ್ತಿದ್ದ. ಆಗ ಅರ್ಥವಾಗುತ್ತಿತ್ತು, ಉತ್ತರ ಬರುತ್ತಿರಲಿಲ್ಲ.

ಸಂಗತಿ ಏನೆಂದರೆ ಜಾಮಾಯಿ ಷಷ್ಠಿ ಹತ್ತಿರ ಬಂದಿತ್ತು. ಮದುವೆಯಾದ ಮೇಲೆ ಅವನಿಗೆ ಇದು ಮೊದಲನೆಯದು. ನಮ್ಮ ಕಡೆಯ ಗಂಡಸರನ್ನು ವರ್ಷವಿಡೀ ಯಾರೂ ಮಾತಾಡಿಸುವುದಿಲ್ಲ. ಜ್ಯೇಷ್ಠದ ಈ ಒಂದೇ ಒಂದು ದಿನ ಅತ್ತೆಯಾದವಳು ಉಪವಾಸವಿದ್ದು, ತಾಳೆಗರಿಯ ಬೀಸಣಿಗೆಯಲ್ಲಿ ಅಳಿಯನಿಗೆ ಗಾಳಿ ಬೀಸಿ, ತಟ್ಟೆಯ ಸುತ್ತ ಬಟ್ಟಲುಗಳ ಕೋಟೆ ಕಟ್ಟಿ, ತನ್ನ ಕೈಯಾರೆ ಮಾಡಿದ್ದನ್ನು ಉಣ್ಣಿಸುತ್ತಾಳೆ. ಈ ಊಟವನ್ನು ನೆನೆದುಕೊಂಡೇ ಸಾಗ್ನಿಕ ಮದುವೆಗೆ ಒಪ್ಪಿದ್ದು ಎಂದು ಅವನ ಗೆಳೆಯರು ಹೇಳುತ್ತಾರೆ. (ಮೇಖಲಾಳೂ ಅದನ್ನೇ ಹೇಳುತ್ತಾಳೆ, ಆದರೆ ನಗದೆ ಹೇಳುತ್ತಾಳೆ.) ಹಬ್ಬಕ್ಕೆ ಎರಡು ದಿನ ಮೊದಲಿನಿಂದಲೇ ಅವನು ರಾತ್ರಿ ಊಟ ಕಡಿಮೆ ಮಾಡಿ, ಹೊಟ್ಟೆಯಲ್ಲಿ ಜಾಗ ಕಾಯ್ದಿರಿಸತೊಡಗಿದ್ದ.

ಈ ದಾರಿಯಲ್ಲಿ ಅಡ್ಡ ನಿಂತಿದ್ದವನು ಷಡ್ಡಕ ತಿಮಿರ್‌ದಾ. ಮೇಖಲಾಳ ಅಕ್ಕನ ಗಂಡ, ದುರ್ಗಾಪುರದಲ್ಲಿ ಕಟ್ಟಡದ ಕಂಟ್ರಾಕ್ಟರು. ಬಾಗಿಲಲ್ಲಿ ನಿಂತರೆ ಮನೆಯೊಳಗೆ ಸಂಜೆಯಾಗುತ್ತದೆ, ಅಂಥ ಆಳು. ಹೋದ ವರ್ಷ ಆತ ತಂದ ಇಲಿಶ್ ಮೀನಿನ ಉದ್ದವನ್ನು ಮಾವ ಇಂದಿಗೂ ಎರಡು ಕೈ ಅಗಲಿಸಿ ತೋರಿಸುತ್ತಾರೆ. ತೋರಿಸಿದಾಗಲೆಲ್ಲ ಮೀನು ಒಂದಿಷ್ಟು ಬೆಳೆಯುತ್ತದೆ. ಅಂಥ ಮೀನಿನ ಎದುರು ಸಾಗ್ನಿಕ ಯಾವ ಮೀನು ತಂದರೂ ಅದು ಮರಿಯೇ.

ಆಗ ಅವನಿಗೆ ಆ ಮಹಾನ್ ಉಪಾಯ ಹೊಳೆಯಿತು. ಅವನು ಕಾಲೇಜ್ ಸ್ಟ್ರೀಟಿನ ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದ. ಅಂಗಡಿಗೆ ಬಂದವರ ಮುಖ ನೋಡಿದರೆ ಸಾಕು, ಇವರಿಗೆ ಯಾವ ಕಾದಂಬರಿ ಹಿಡಿಸುತ್ತದೆಂದು ನಾಡಿ ಹಿಡಿದ ವೈದ್ಯನ ಹಾಗೆ ಹೇಳಿಬಿಡುತ್ತಿದ್ದ. ಕನ್ನಡಕ ಮೂಗಿನ ತುದಿಗೆ ಜಾರಿದ್ದರೆ ಇತಿಹಾಸ. ಕೊಡೆ ಹಿಡಿದು ಬಾಗಿಲಲ್ಲೇ ಅತ್ತಿತ್ತ ನೋಡಿದರೆ ಪತ್ತೇದಾರಿ. ಸುಮ್ಮನೆ ನಿಟ್ಟುಸಿರು ಬಿಟ್ಟರೆ ಪ್ರೇಮ. ಮಕ್ಕಳಾದರೆ ಭೂತ, ಅದರಲ್ಲಿ ಎರಡನೇ ಮಾತಿಲ್ಲ. ಹೀಗೆ ಊರಿಗೆಲ್ಲ ಮದ್ದು ಕೊಡುವವನು ಅತ್ತೆಮನೆಗೆ ಮೀನು ಹೊರುವುದೇ? ಛೆ. ಕಾದಂಬರಿ ಕೊಡುತ್ತೇನೆ, ಒಬ್ಬೊಬ್ಬರಿಗೆ ಒಂದೊಂದು, ಅಳತೆ ತೆಗೆದು ಹೊಲಿಸಿದ ಅಂಗಿಯ ಹಾಗೆ ಕೂರಬೇಕು ಎಂದು ತೀರ್ಮಾನಿಸಿದ.

ಮೇಖಲಾ ಪುಸ್ತಕದ ಗಂಟನ್ನೂ ಗಂಡನನ್ನೂ ಸರದಿಯಂತೆ ನೋಡಿದಳು.

"ಇದನ್ನ ಸಾಸಿವೆ ಹಾಕಿ ಬೇಯಿಸೋಕಾಗುತ್ತಾ?"

"ಮೀನು ಮಧ್ಯಾಹ್ನಕ್ಕೆ ಮುಗಿದುಹೋಗುತ್ತೆ ಮಾರಾಯ್ತಿ. ಕಾದಂಬರಿ ಹಾಗಲ್ಲ. ನಾಳೆ ನಿಮ್ಮನೇಲಿ ಎಲ್ಲರ ಬಾಯಲ್ಲೂ ನನ್ನ ಹೆಸರೇ ಇರುತ್ತೆ, ನೋಡ್ತಿರು."

ಹೀಗೆ ಹಬ್ಬದ ಹಿಂದಿನ ಸಂಜೆ ಲೋಕಲ್ ರೈಲು ಹಿಡಿದು ಇಬ್ಬರೂ ಚಂದನನಗರಕ್ಕೆ ಬಂದಿಳಿದರು. ಮಾವ ದ್ವಿಜೇನ್‌ಬಾಬು ಸೆಣಬಿನ ಮಿಲ್ಲಿನಲ್ಲಿ ಟೈಮ್‌ಕೀಪರ್ ಆಗಿದ್ದು ನಿವೃತ್ತರಾದವರು. ಮಿಲ್ಲಿನ ಸೈರನ್ ನಿಂತು ಎಷ್ಟೋ ವರ್ಷವಾದರೂ ಅವರೊಳಗಿನ ಸೈರನ್ ನಿಂತಿರಲಿಲ್ಲ. ಆರಕ್ಕೆ ಚಹ, ಆರೂವರೆಗೆ ಚೀಲ ಹಿಡಿದು ಮಾರುಕಟ್ಟೆ, ಒಂದಕ್ಕೆ ಊಟ. ಅತ್ತೆ ಬಿನತಾದೇವಿ ಮೃದು ಸ್ವಭಾವದವರು, ಇರುವೆಗೂ ಸಕ್ಕರೆ ಹಾಕಿ ದಾರಿ ತೋರಿಸುವವರು. ಇವರ ಜೊತೆಗೆ ಬೇಸಿಗೆ ರಜೆಗೆಂದು ಅಜ್ಜಿಯ ಮನೆಗೆ ಬಂದಿದ್ದ ತಿಮಿರ್‌ದಾನ ಮಗಳು ಪುಪ್ಲು. ವಯಸ್ಸು ಹತ್ತು, ಬಾಯಿಗೆ ನಲವತ್ತು.

ಸಾಗ್ನಿಕ ಚಹ ಕುಡಿದು, ಗಂಟು ಬಿಚ್ಚಿ, ಗಂಟಲು ಸರಿಮಾಡಿಕೊಂಡು ವಿತರಣಾ ಸಮಾರಂಭ ಆರಂಭಿಸಿದ. ಮೃದು ಮನಸ್ಸಿನ ಅತ್ತೆಗೆ 'ಶ್ರಾವಣಕ್ಕೊಂದು ಕಿಟಕಿ' ಎಂಬ ಪ್ರೇಮ ಕಾದಂಬರಿ. ನಿಖರತೆಯ ಮನುಷ್ಯ ಮಾವನಿಗೆ 'ಮುನ್ಸಿಫರ ಊರುಗೋಲು' ಎಂಬ ಕೊಲೆಯ ಕಥೆ, ಇದರಲ್ಲಿ ಗಡಿಯಾರದ ಪಾತ್ರ ದೊಡ್ಡದು ಬಾಬಾ ಎಂದು ಒತ್ತಿ ಹೇಳಿದ. ಪುಪ್ಲುವಿಗೆ 'ಸೀನುವ ಭೂತ', ಪುಟಕ್ಕೊಂದು ಚಿತ್ರ. ಒಂದೊಂದನ್ನೂ ಕೈಗಿಡುವಾಗ ಅದರ ಗುಣ, ಅನುಪಾನ, ಪಥ್ಯ ಎಲ್ಲವನ್ನೂ ವಿವರಿಸಿದ. ಮಾವ "ಹೂಂ" ಅಂದರು. ಅತ್ತೆ ಪುಸ್ತಕವನ್ನು ಹಣೆಗೊತ್ತಿಕೊಂಡು ಬೀರುವಿನ ಮೇಲಿಟ್ಟರು. ಪುಪ್ಲು ಮಾತ್ರ ತಿಮಿರ್‌ದಾನ ಮಗಳೇ ಆದ್ದರಿಂದ, ನಾಳೆ ಅಪ್ಪ ಇಲಿಶ್ ತರ್ತಾರೆ, ಮೇಶೋ ಏನೂ ತರಲಿಲ್ವಾ ಎಂದು ಚಿಕ್ಕಪ್ಪನ ಬಗ್ಗೆ ಚಿಕ್ಕಮ್ಮನನ್ನು ಕೇಳಿದಳು.

ಬೆಳಗ್ಗೆ ಸಾಗ್ನಿಕ ಎದ್ದಾಗ ಮನೆ ನಿಶ್ಶಬ್ದವಾಗಿತ್ತು. ಒಗ್ಗರಣೆಯ ಸದ್ದಿಲ್ಲ, ಸಾಸಿವೆ ಅರೆಯುವ ಸದ್ದಿಲ್ಲ, ಮಾವ ಮಾರುಕಟ್ಟೆಯವನೊಂದಿಗೆ ಜಗಳವಾಡಿ ಬಂದ ಕಥೆ ಹೇಳುವ ಸದ್ದಿಲ್ಲ. ಹೊರಗೆ ಬಂದು ನೋಡುತ್ತಾನೆ, ಮಾವ ಜಗಲಿಯ ಆರಾಮಕುರ್ಚಿಯಲ್ಲಿ ಕಾಲು ಚಾಚಿದ್ದಾರೆ. ಕೈಯಲ್ಲಿ ಪುಸ್ತಕ. ಸಾಗ್ನಿಕನ ಎದೆ ಹಿಗ್ಗಿತು. ಇನ್ನೆರಡು ಹೆಜ್ಜೆ ಮುಂದೆ ಹೋಗಿ ನೋಡಿದರೆ ಅದು 'ಸೀನುವ ಭೂತ'. ಮಾವನ ಹೊಟ್ಟೆ ಕುಲುಕುತ್ತಿತ್ತು. ಭೂತ ಹುಣಸೆಮರದ ಮೇಲೆ ಕೂತು ಸೀನಿದಾಗಲೆಲ್ಲ ಕೆಳಗಿದ್ದ ಪುರೋಹಿತರು "ಚಿರಂಜೀವಿ" ಎಂದು ಹರಸುತ್ತಾರಂತೆ, ಸತ್ತವನಿಗೆ ಹಾಗೆ ಹೇಳಬಹುದೇ ಎಂದು ಅಳಿಯನನ್ನೇ ಕೇಳಿ, ಉತ್ತರಕ್ಕೂ ಕಾಯದೆ ಮತ್ತೆ ಕುಲುಕತೊಡಗಿದರು. ಮಾರುಕಟ್ಟೆಯ ಚೀಲ ಗೂಟದಲ್ಲೇ ನೇತಾಡುತ್ತಿತ್ತು.

ಹಾಗಾದರೆ ಕೊಲೆಯ ಕಥೆ ಎಲ್ಲಿ? ಅದು ಒಳಗೆ ಮಂಚದ ಮೇಲಿತ್ತು. ಒಂದು ತುದಿ ಅತ್ತೆಯ ಕೈಯಲ್ಲಿ, ಇನ್ನೊಂದು ತುದಿ ಪುಪ್ಲುವಿನ ಕೈಯಲ್ಲಿ. ಅಜ್ಜಿ ಮೊಮ್ಮಗಳು ತಲೆಗೆ ತಲೆ ತಾಗಿಸಿ ಕೂತಿದ್ದರು. ಪುಪ್ಲು ಪುಟದ ಕೊನೆ ಮುಟ್ಟಿ, ಅಜ್ಜಿ ಇನ್ನೂ ನಡುವಿನಲ್ಲಿದ್ದಾಳೆಂದು ನಿಟ್ಟುಸಿರು ಬಿಡುತ್ತಿದ್ದಳು. ಇರುವೆಗೆ ಸಕ್ಕರೆ ಹಾಕುವ ಬಿನತಾದೇವಿಯವರು, ಮುನ್ಸಿಫರ ತಲೆಗೆ ಹೊಡೆದದ್ದು ಹಿಂದಿನಿಂದಲೋ ಪಕ್ಕದಿಂದಲೋ ಎಂದು ದಿಂಬನ್ನು ನಿಲ್ಲಿಸಿಕೊಂಡು, ಸೌಟಿನಿಂದ ಹೊಡೆದು ಪರೀಕ್ಷಿಸುತ್ತಿದ್ದರು. ಅಡುಗೆಮನೆಯ ಸೌಟಿಗೆ ಆ ಬೆಳಗ್ಗೆ ಸಿಕ್ಕ ಕೆಲಸ ಅದೊಂದೇ.

ಶಾಸ್ತ್ರವಂತೂ ನಡೆಯಿತು. ಷಷ್ಠಿ ದೇವಿಗೆ ಭಯಪಟ್ಟು ಅತ್ತೆ ಸ್ನಾನ ಮಾಡಿ ಬಂದರು, ಅಳಿಯನ ಕೈಗೆ ಅರಿಸಿನದ ದಾರ ಕಟ್ಟಿದರು, ಹಣೆಗೆ ಮೊಸರಿನ ಬೊಟ್ಟಿಟ್ಟರು. ಆಮೇಲೆ ಬಲಗೈಯಲ್ಲಿ ಒದ್ದೆ ಬೀಸಣಿಗೆ, ಎಡಗೈಯಲ್ಲಿ 'ಮುನ್ಸಿಫರ ಊರುಗೋಲು'. "ಷಾಟ್, ಷಾಟ್" ಎಂದು ಹರಸುತ್ತಾ ಬೀಸತೊಡಗಿದವರು ಪುಟ ತಿರುಗಿದಂತೆ ಹರಸುವುದನ್ನು ಮರೆತರು, ಬೀಸುವುದನ್ನು ಮರೆಯಲಿಲ್ಲ. ಕಥೆಯಲ್ಲಿ ಯಾರೋ ಓಡಿದರೆ ಬೀಸಣಿಗೆಯೂ ಓಡುತ್ತಿತ್ತು, ಯಾರೋ ಬಾಗಿಲ ಹಿಂದೆ ಅವಿತರೆ ಗಾಳಿಯಲ್ಲೇ ನಿಲ್ಲುತ್ತಿತ್ತು. ಒಂದು ಘಟ್ಟದಲ್ಲಿ ಏನಾಯಿತೋ, ಬೀಸಣಿಗೆ ಫಟ್ಟೆಂದು ಅಳಿಯನ ಕೆನ್ನೆಗೇ ಬಡಿಯಿತು. ಅತ್ತೆ ಪುಸ್ತಕದಿಂದ ಕಣ್ಣೆತ್ತದೆ "ಇವನೇ ಇರಬೇಕು" ಎಂದರು.

ಹನ್ನೊಂದಾಯಿತು. ಹನ್ನೆರಡಾಯಿತು. ಸಾಗ್ನಿಕ ಕಾಯ್ದಿರಿಸಿದ್ದ ಜಾಗವೆಲ್ಲ ಕೂಗಾಡತೊಡಗಿತು. ಒಲೆ ತಣ್ಣಗಿತ್ತು. ಹೆಂಡತಿಯ ಬಳಿ ಹೋಗಿ, ನೀನಾದರೂ ಎರಡು ಲೂಚಿ ಪೂರಿ ಕರಿಯಬಾರದೇ ಎಂದು ಕೇಳಿದ. ಮೇಖಲಾ ಕಾಲ ಮೇಲೆ ಕಾಲು ಹಾಕಿಕೊಂಡು ಲಿಚಿ ಹಣ್ಣು ಸುಲಿಯುತ್ತಿದ್ದಳು.

"ಇವತ್ತು ಅಳಿಯನ ಅಡುಗೆ ಅಮ್ಮನ ಕೈಯಿಂದಲೇ ಆಗ್ಬೇಕು. ನಾನು ಮಾಡಿದ್ರೆ ಅದು ಬರೀ ಅನ್ನ, ಹಬ್ಬ ಅಲ್ಲ. ಅದೂ ಅಲ್ದೆ, ಎಲ್ಲರ ಬಾಯಲ್ಲೂ ನಿನ್ನ ಹೆಸರೇ ಇರುತ್ತೆ ಅಂತ ನೀನೇ ಹೇಳಿದ್ದೆ. ಇರು, ಬರುತ್ತೆ."

ಅಷ್ಟರಲ್ಲಿ ಜಗಲಿಯಲ್ಲಿ ಸಂಜೆಯಾಯಿತು. ತಿಮಿರ್‌ದಾ ಬಂದಿದ್ದ. ಹೆಂಡತಿಗೆ ಆಸ್ಪತ್ರೆಯಲ್ಲಿ ನರ್ಸಿನ ಕೆಲಸ, ರಜೆ ಸಿಗದೆ ಒಬ್ಬನೇ ಬಂದಿದ್ದ. ಒಬ್ಬನೇ ಎನ್ನುವಂತಿಲ್ಲ, ಮಂಜುಗಡ್ಡೆಯ ಡಬ್ಬಿಯಲ್ಲಿ ಇಲಿಶ್ ಇತ್ತು, ಬಾಲ ಹೊರಗೆ ಚಾಚಿತ್ತು. ಸಾಗ್ನಿಕ ಜೀವನದಲ್ಲಿ ಮೊದಲ ಬಾರಿ ಷಡ್ಡಕನನ್ನು ಬಾಚಿ ತಬ್ಬಿಕೊಂಡ. ಯಾರೂ ಎದ್ದು ಬಂದು ಮೀನನ್ನು ತೆಗೆದುಕೊಳ್ಳದಿದ್ದುದನ್ನು ಕಂಡು ತಿಮಿರ್‌ದಾ ಗೊಂದಲಗೊಂಡು, ಡಬ್ಬಿಯನ್ನು ಕೆಳಗಿಟ್ಟು, ಬೀರುವಿನ ಮೇಲೆ ಅನಾಥವಾಗಿದ್ದ 'ಶ್ರಾವಣಕ್ಕೊಂದು ಕಿಟಕಿ'ಯನ್ನು ಸುಮ್ಮನೆ ಎತ್ತಿಕೊಂಡ. ಎರಡು ಪುಟ ನೋಡೋಣವೆಂದು ನಿಂತವನು ಕೂತ. ಕೂತವನು ಕರವಸ್ತ್ರ ತೆಗೆದ. ಸ್ವಲ್ಪ ಹೊತ್ತಿನಲ್ಲಿ ಆ ಬೃಹತ್ ದೇಹ ಮೂಗು ಸೇದುತ್ತಾ, ಆಕೆ ಕಾಗದ ಬರೆದಿದ್ದಾಳೆ, ಇವನಿಗೆ ತಲುಪಿಲ್ಲ, ಅಂಚೆಯವನನ್ನು ನೇಣಿಗೆ ಹಾಕಬೇಕು ಎಂದು ಗೋಡೆಗೆ ಹೇಳಿತು. ಡಬ್ಬಿಯಿಂದ ಮಂಜುಗಡ್ಡೆಯ ನೀರು ಸೋರುತ್ತಿತ್ತು, ತಿಮಿರ್‌ದಾನಿಂದಲೂ.

ಒಂದು ಹೊಡೆಯಿತು. ಮಾವನ ಒಳಗಿನ ಸೈರನ್ ಕೂಗಲಿಲ್ಲ. ಸಾಗ್ನಿಕ ನಡುಮನೆಯಲ್ಲಿ ನಿಂತು ಯೋಚಿಸಿದ. ಈ ಮನೆಯನ್ನು ಓದಿಗೆ ಹಚ್ಚಿದವನು ತಾನು, ಬಿಡಿಸುವ ವಿದ್ಯೆಯೂ ತನಗೇ ಗೊತ್ತಿರಬೇಕಲ್ಲ. ಗೊತ್ತಿತ್ತು. ಸೊಂಟದ ಮೇಲೆ ಕೈಯಿಟ್ಟು, ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಮಾತಾಡುವ ಗತ್ತಿನಲ್ಲಿಯೇ ಘೋಷಿಸಿದ.

"ಮಾ, ಈಗ ಒಲೆ ಹಚ್ಚದೇ ಇದ್ರೆ ಮುನ್ಸಿಫರನ್ನ ಕೊಂದವರು ಯಾರು ಅಂತ ಹೇಳಿಬಿಡ್ತೀನಿ."

ಪುಪ್ಲು ಎರಡೂ ಕಿವಿ ಮುಚ್ಚಿಕೊಂಡಳು. ಮಾವ ಭೂತವನ್ನು ಮರದ ಮೇಲೆಯೇ ಬಿಟ್ಟು ಒಳಗೆ ಬಂದರು. ಅತ್ತೆ ಮಾತ್ರ ಬೆರಳನ್ನು ಪುಟದಲ್ಲಿಟ್ಟು, ನಿಧಾನವಾಗಿ ತಲೆಯೆತ್ತಿ, ಅಳಿಯನ ಮುಖವನ್ನು ಬಲು ಹೊತ್ತು ನೋಡಿದರು. ರಾತ್ರಿಯಿಡೀ ಪತ್ತೇದಾರಿ ಓದಿದ ಕಣ್ಣು ಅದು.

"ಹೇಳಪ್ಪಾ ಸಾಗ್ನಿಕ್, ಕೇಳೋಣ."

ಇಲ್ಲಿ ಒಂದು ಗುಟ್ಟು ಹೇಳಬೇಕು. ಅಂಗಡಿಯಲ್ಲಿ ದಿನಕ್ಕೆ ನೂರಾರು ಪುಸ್ತಕಗಳ ಮೇಲೆ ಕೈಯಾಡಿಸುವವನಿಗೆ ಅವನ್ನೆಲ್ಲ ಓದಲು ಪುರುಸೊತ್ತೆಲ್ಲಿ? ಅವನಿಗೆ ಮುನ್ನುಡಿ ಗೊತ್ತು, ಬೆನ್ನುಡಿ ಗೊತ್ತು, ನಡುವಿನ ನುಡಿಯೊಂದು ಗೊತ್ತಿಲ್ಲ. ಇಷ್ಟು ದಿನ ಯಾರೂ ಕೇಳಿರಲಿಲ್ಲ. ಈಗಲೂ ಧೈರ್ಯಗೆಡಲಿಲ್ಲ. ಇಂಥ ಕಥೆಗಳಲ್ಲಿ ಯಾರಿಗೂ ಅನುಮಾನ ಬಾರದವನು ಯಾರು? ಮನೆಗೆ ಬಂದು ಹೋಗುವ ಡಾಕ್ಟರು.

"ಡಾಕ್ಟರು" ಎಂದ, ಗಟ್ಟಿಯಾಗಿ.

ಪುಪ್ಲು ಕಿವಿಯಿಂದ ಕೈ ತೆಗೆದಳು. (ಮುಚ್ಚಿದ್ದು ನೆಪಕ್ಕೆ ಮಾತ್ರ.) "ಮೇಶೋ, ಡಾಕ್ಟರು ನಾಲ್ಕನೇ ಅಧ್ಯಾಯದಲ್ಲೇ ಸತ್ತುಹೋದ್ರಲ್ಲ. ಮುನ್ಸಿಫರಿಗಿಂತ ಮುಂಚೆ."

ತಿಮಿರ್‌ದಾ ಕೂಡ ಕರವಸ್ತ್ರ ಇಳಿಸಿ ನೋಡಿದ. ಮೇಖಲಾ ಲಿಚಿ ಸುಲಿಯುವುದನ್ನು ನಿಲ್ಲಿಸಿದಳು. ಮಾವ ಮೆಲ್ಲಗೆ, ಅದರಲ್ಲಿ ಗಡಿಯಾರ ಇರುವುದಾದರೂ ನಿಜವೇ ಎಂದು ವಿಚಾರಿಸಿದರು. ಗಡಿಯಾರವೇ ಇಲ್ಲ ಎಂದು ಪುಪ್ಲು ಸಾಕ್ಷಿ ಹೇಳಿದಳು.

"ಇನ್ನು ಹತ್ತೇ ಪುಟ ಇದೆ. ಮುಗಿಸಿ ಎದ್ದು ಒಲೆ ಹಚ್ತೀನಿ" ಎಂದರು ಬಿನತಾದೇವಿ. ಇರುವೆಗೂ ನೋವಾಗದ ದನಿಯಲ್ಲೇ ಮುಂದುವರಿಸಿದರು. "ಆಮೇಲೆ ಈ ಪುಸ್ತಕ ನಿನ್ನ ಕೈಗೆ. ಅಡುಗೆ ಆಗೋವರೆಗೂ ಅಲ್ಲಿ ಕೂತು ಮೊದಲಿಂದ ಓದ್ಬೇಕು. ಓದದೇ ಇರೋದನ್ನ ಚೆನ್ನಾಗಿದೆ ಅಂತ ಊರಿಗೆಲ್ಲ ಹಂಚೋ ಅಳಿಯ ನಮಗೆ ಬೇಡಪ್ಪಾ."

ಸಾಗ್ನಿಕ ಮಂಚದ ಮೂಲೆಯಲ್ಲಿ, ಶಾಲೆಯಲ್ಲಿ ಹೊರಗೆ ನಿಲ್ಲಿಸಿದ ಹುಡುಗನ ಮುಖ ಹೊತ್ತು ಕೂತ. ಒಳಗೆ ಸಾಸಿವೆ ಅರೆಯುವ ಸದ್ದು ಕಡೆಗೂ ಶುರುವಾಯಿತು. ಪುಟವೊಂದನ್ನು ತೆರೆದು, ಕಣ್ಣನ್ನು ಅಕ್ಷರದ ಮೇಲೂ ಮೂಗನ್ನು ಅಡುಗೆಮನೆಯ ಮೇಲೂ ಇಟ್ಟ. ಮೊದಲ ಅಧ್ಯಾಯ ಮುಗಿಯುವ ಹೊತ್ತಿಗೆ ಮೂಗೂ ಪುಸ್ತಕಕ್ಕೇ ಬಂತು. ಮುನ್ಸಿಫರ ಮನೆಯ ಮಾಳಿಗೆಯಲ್ಲಿ ಊರುಗೋಲಿನ ಸದ್ದು ಕೇಳುತ್ತಿದೆ, ಮುನ್ಸಿಫರು ಕೆಳಗೆ ಕೂತಿದ್ದಾರೆ! ಸಾಗ್ನಿಕ ಕಾಲು ಮಡಚಿ ಮೇಲೆ ಹತ್ತಿ ಕೂತ. ಡಾಕ್ಟರು ಸತ್ತಾಗ ಅವನಿಗೆ ನಿಜಕ್ಕೂ ಬೇಸರವಾಯಿತು.

ಇಳಿಹೊತ್ತಿಗೆ ತಟ್ಟೆ ಹಾಕಿ ಕರೆದರು. ಬಂದೆ ಎಂದ. ಮತ್ತೆ ಕರೆದರು. ಈ ಅಧ್ಯಾಯ ಒಂದು ಎಂದ. ಷಷ್ಠಿಯ ದಿನ ಅಳಿಯ ಉಣ್ಣದೆ ಅತ್ತೆ ನೀರೂ ಮುಟ್ಟುವಂತಿಲ್ಲ. ಬಿನತಾದೇವಿ ತಟ್ಟೆಯನ್ನೇ ಮಂಚಕ್ಕೆ ತಂದು, ಮಗುವಿಗೆ ಉಣಿಸುವಂತೆ ತುತ್ತು ಕಲಸಿ ಬಾಯಿಗಿಟ್ಟರು. ಅವನು ಬಾಯಿ ತೆರೆದ, ಅಗಿದ, ನುಂಗಿದ, ಪುಟ ತಿರುವಿದ. ಸುತ್ತ ಇಡೀ ಮನೆ ಬಂದು ಕೂತಿತ್ತು. ಮಾವ, ಈಗ ಯಾವ ಪುಟದಲ್ಲಿದ್ದಾನೆ ಎಂದು ಪಿಸುಗುಟ್ಟಿ ಕೇಳುತ್ತಿದ್ದರು. ಪುಪ್ಲು ಅವನ ಹೆಗಲ ಮೇಲಿಂದ ಇಣುಕಿ, ಇನ್ನೆರಡು ಪುಟ ಅಷ್ಟೇ ಅಜ್ಜೀ, ಮೇಶೋ ಮುಖ ನೋಡ್ತಾ ಇರಿ ಎನ್ನುತ್ತಿದ್ದಳು. ಆ ಘಟ್ಟ ಬಂದಾಗ ಸಾಗ್ನಿಕ ಬಾಯಲ್ಲಿ ತುತ್ತಿಟ್ಟುಕೊಂಡೇ "ಅಯ್ಯೋ, ಅವರ ಹೆಂಡತೀನಾ" ಎಂದು ಕೂಗಿದ. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಅತ್ತೆಯ ಕಣ್ಣಲ್ಲಿ ಹೆಮ್ಮೆಯ ನೀರು ಬಂತು.

ಸಂಜೆ ರೈಲಿನಲ್ಲಿ ಕಿಟಕಿಯ ಪಕ್ಕ ಕೂತ ಸಾಗ್ನಿಕ ಗೆದ್ದವನ ಗತ್ತಿನಲ್ಲಿದ್ದ. ಒಂದೇ ದಿನದಲ್ಲಿ ಇಡೀ ಮನೆಗೆ ಓದಿನ ಹುಚ್ಚು ಹಿಡಿಸಿದ್ದು ಸಣ್ಣ ಮಾತಲ್ಲವೆಂದೂ, ತಿಮಿರ್‌ದಾ ಹೊರಡುವಾಗ ಇನ್ನೊಂದು ಅಳುವ ಕಾದಂಬರಿ ಬೇಕೆಂದು ಕಿವಿಯಲ್ಲಿ ಕೇಳಿದನೆಂದೂ ಹೇಳುತ್ತಲೇ ಇದ್ದ. ಮೇಖಲಾ ಎಲ್ಲವನ್ನೂ ಕೇಳಿಸಿಕೊಂಡಳು.

"ಅದೆಲ್ಲ ಸರಿ. ಇಲಿಶ್ ಹೇಗಿತ್ತು?"

ಸಾಗ್ನಿಕ ನಾಲಿಗೆಯನ್ನು ಹಲ್ಲುಗಳ ಸುತ್ತ ಒಮ್ಮೆ ಆಡಿಸಿ ನೋಡಿದ. ಮುನ್ಸಿಫರ ಮಾಳಿಗೆ ನೆನಪಿತ್ತು, ಅವರ ಹೆಂಡತಿಯ ಕೈಯಲ್ಲಿದ್ದ ದೀಪ ನೆನಪಿತ್ತು.

"ಇಲಿಶ್ ಬಡಿಸಿದ್ರಾ?"

"ನೀನು ನಾಲ್ಕು ತುಂಡು ತಿಂದೆ. ತಲೇನ ಬಸಳೆಸೊಪ್ಪಿನ ಜೊತೆ ಮಾಡಿದ್ರು, ಅದನ್ನೂ ತಿಂದೆ. ಮುಳ್ಳು ಬಿಡಿಸಿ ಬಿಡಿಸಿ ಅಮ್ಮನ ಬೆರಳೆಲ್ಲ ಕೆಂಪಾಗಿತ್ತು. ಎರಡನೇ ಸಲ ಪಾಯಸ ಹಾಕಿಸ್ಕೊಂಡೆ."

ಇನ್ನೊಂದು ಷಷ್ಠಿಗೆ ಇಡೀ ವರ್ಷ ಕಾಯಬೇಕು. ಸಾಗ್ನಿಕ ಹೆಂಡತಿಯ ಕಡೆ ಸರಿದು, ಅಕ್ಕಪಕ್ಕದವರಿಗೆ ಕೇಳಿಸದ ಹಾಗೆ, ಅಳುವ ದನಿಯಲ್ಲಿ ಬೇಡಿಕೊಂಡ.

"ಮೊದಲಿಂದ ಹೇಳೇ. ಒಂದೊಂದೇ ಹೇಳು. ಏನೂ ಬಿಡಬೇಡ."

ಮೇಖಲಾ ಸೆರಗು ಸರಿಮಾಡಿಕೊಂಡು, ಹಾಗಲಕಾಯಿ ಹಾಕಿದ್ದ ಶುಕ್ತೋದಿಂದ ಆರಂಭಿಸಿದಳು. ಸಾಗ್ನಿಕ ಬಾಯಲ್ಲಿ ನೀರೂರಿಸಿಕೊಂಡು ಕೇಳುತ್ತಾ ಹೋದ. ಹೊಟ್ಟೆ ಮಾತ್ರ ಬಿರಿಯುವಷ್ಟು ತುಂಬಿತ್ತು.