ದೊಡ್ಡತಾಯಮ್ಮನ ಗುಡಿಸಲಿನ ಬೀಗ

ನಾಗಮಂಗಲದ ಕಮ್ಮಾರ ಕುಳ್ಳಯ್ಯನಿಗೆ ಕೇಡು ಬಂದದ್ದು ಅವನೇ ಮಾಡಿದ ಬೀಗದಿಂದ. ಬೇರೆ ಯಾರನ್ನೂ ದೂರುವಂತಿಲ್ಲ.

ಹೆಂಡ ಇಳಿಸಬಾರದು, ಮಾರಬಾರದು, ಕುಡಿಯಬಾರದು ಎಂದು ಶ್ರೀರಂಗಪಟ್ಟಣದಿಂದ ಹುಕುಂ ಹೊರಟು ಎರಡು ವರ್ಷವಾಗಿತ್ತು. ಆದರೂ ದೇವಲಾಪುರದ ದಾರಿಯ ಈಚಲು ತೋಪಿನಲ್ಲಿ ದೊಡ್ಡತಾಯಮ್ಮನ ಗುಡಿಸಲು ನಡೆಯುತ್ತಲೇ ಇತ್ತು. ಶುಂಠಿ ಜಜ್ಜಿ ಹಾಕಿದ್ದು, ನೇರಳೆಹಣ್ಣು ಹಿಂಡಿದ್ದು, ಮೂರು ದಿನ ಹುಳಿಸಿದ್ದು, ಹೀಗೆ ಮಡಕೆಗೊಂದು ರುಚಿ. ನಂಜಿಕೊಳ್ಳಲು ಖಾರದ ಹುರುಳಿ, ಸುಟ್ಟ ಮೀನು. ಗಿರಾಕಿಗಳನ್ನು ಒಳಗೆ ಕೂರಿಸಿ ಮುದುಕಿ ಹೊರಗಿನಿಂದ ಬೀಗ ಜಡಿದು, ಬಾವಿಕಟ್ಟೆಯ ಮೇಲೆ ಸೊಪ್ಪು ಸೋಸುತ್ತ ಕೂರುವಳು. ಹೊರಗೆ ಬೀಗ ಬಿದ್ದ ಮನೆಯೊಳಗೆ ಜನರಿದ್ದಾರೆಂದು ಯಾರು ತಾನೆ ಅಂದುಕೊಂಡಾರು? ಆ ಬೀಗ ಕುಳ್ಳಯ್ಯನ ಕೈಯದು. ಅಂಥ ಬೀಗ ಸೀಮೆಯಲ್ಲೇ ಇಲ್ಲವೆಂದು ಅವನು ಹೇಳದ ದಿನವಿರಲಿಲ್ಲ.

ಅವತ್ತು ಬೆಳಗ್ಗೆ ಹೆಂಡತಿ ಮಾಯಮ್ಮ ಕೈ ಮುಗಿದು ಹೇಳಿದ್ದಳು: "ಸಂಜೆಗೆ ಪಟ್ಟಣದಿಂದ ಗಂಡಿನ ಅಪ್ಪ ಬತ್ತಾವ್ನೆ. ನಮ್ ಪುಟ್ಟಗೌರಿಗೆ ಇದೂ ತಪ್ಪೋದ್ರೆ ಇನ್ಯಾವ ಗಂಡೂ ಸಿಕ್ಕಾಕಿಲ್ಲ. ಇವತ್ತೊಂದಿನ ಆ ತೋಪಿನ ಕಡೆ ತಲೆ ಆಕ್ಬ್ಯಾಡ."

"ನಿನ್ನಾಣೆ ಓಗಾಕಿಲ್ಲ ಕಣಮ್ಮಿ" ಎಂದಿದ್ದ ಕುಳ್ಳಯ್ಯ. ಮಗಳೆಂದರೆ ಅವನಿಗೆ ಪ್ರಾಣ. ಆಣೆ ಇಡುವಾಗ ಕಣ್ಣಲ್ಲಿ ನೀರೂ ಬಂದಿತ್ತು.

ಮಧ್ಯಾಹ್ನ ಗೆಳೆಯರಿಬ್ಬರು ಕುಲುಮೆಗೆ ಬಂದರು. ಒಬ್ಬ ಒಕ್ಕಲಿಗರ ಮರಿಸ್ವಾಮಿ, ಇನ್ನೊಬ್ಬ ಬಡಗಿ ಸೋಮಾಚಾರಿ.

"ಒಂದೇ ಒಂದು ಕುಡಿಕೆ ಕಣ್ಲಾ" ಎಂದ ಮರಿಸ್ವಾಮಿ. "ಎಣ್ಣಿನ ಅಪ್ಪ ಇಂಗೆ ಸಪ್ಪೆ ಮಕ ಇಕ್ಕೊಂಡು ಕುಂತ್ರೆ ಚಂದಾಗಿರ್ತದಾ?"

ಮಗಳ ಒಳ್ಳೆಯದಕ್ಕೆ ಎಂದು ಕುಳ್ಳಯ್ಯ ಎದ್ದ.

ಮೂರನೆಯ ಕುಡಿಕೆಗೆ ಕೈ ಹಾಕುವ ಹೊತ್ತಿಗೆ ಕುದುರೆಯ ಸದ್ದಾಯಿತು. ದಫೇದಾರ! ಮುದುಕಿ ಸೆರಗಿನ ಗಂಟಿನಲ್ಲಿದ್ದ ಕೀಲಿಯನ್ನು ಬಾವಿಗೆ ಜಾರಿಸಿದಳು. ಗುಳುಕ್ ಎಂದದ್ದು ಒಳಗಿದ್ದ ಮೂವರಿಗೂ ಕೇಳಿಸಿತು.

"ಏನಮ್ಮಾ, ವಾಸನೆ ಬರ್ತಿದೆ. ಬಾಗಿಲು ತೆಗಿ" ಎಂದ ದಫೇದಾರ.

"ರಾಗಿ ಒಟ್ಟಿರೋ ಮನೆ ಬುದ್ಧಿ. ಯಜಮಾನ ಅತ್ತಿಕುಪ್ಪೆಗೆ ಓಗವ್ನೆ. ಕೀಲಿ ಅವನ ಸೊಂಟದಾಗೈತೆ."

ದಫೇದಾರ ಗಡ್ಡ ಕೆರೆದುಕೊಂಡು ದಾರಿ ನೋಡಿದ. ಹೆಗಲ ಮೇಲೆ ಸುತ್ತಿಗೆ ಚೀಲ ಹೊತ್ತವನೊಬ್ಬ ಬರುತ್ತಿದ್ದ.

"ಯಾರಯ್ಯಾ ನೀನು?"

"ಪಟ್ಟಣದ ಕಮ್ಮಾರ ಮೂಗಾಚಾರಿ ಬುದ್ಧಿ. ಕುಳ್ಳಯ್ಯನ ಮನೆಗೆ ಎಣ್ಣು ನೋಡಕೆ ಒಂಟಿದ್ದೆ."

ಒಳಗೆ ಕುಳ್ಳಯ್ಯ ಕೈಯಲ್ಲಿದ್ದ ಕುಡಿಕೆಯನ್ನು ಮೆಲ್ಲನೆ ಕೆಳಗಿಟ್ಟ.

ಮೂಗಾಚಾರಿ ಬೀಗಕ್ಕೆ ಕೈಯಿಟ್ಟ. ಬಡಿದ, ಮೀಟಿದ, ಬೆವರಿದ, ಎರಡು ಉಳಿ ಮುರಿದುಕೊಂಡ. ಬೀಗ ಕದಲಲಿಲ್ಲ. ಒಳಗೆ ಕುಳ್ಳಯ್ಯನ ಮುಖ ಅರಳುತ್ತ ಹೋಯಿತು. ಸೋಮಾಚಾರಿ ಅವನ ತೊಡೆ ಚಿವುಟಿದ.

"ಅಬ್ಬಾ! ಯಾರು ಮಾಡಿದ್ದು ಇದನ್ನ?" ಎಂದ ದಫೇದಾರ.

ದಫೇದಾರನ ಮುಂದೆ ಸೋತು ನಿಂತ ಮೂಗಾಚಾರಿಗೆ ಮಾನ ಉಳಿಸಿಕೊಳ್ಳಲು ಬೇರೆ ದಾರಿ ಕಾಣಲಿಲ್ಲ. "ನಂದೇಯ ಬುದ್ಧಿ. ನನ್ ಕೈ ಬೀಗ ನಂಗೂ ಬಗ್ಗಾಕಿಲ್ಲ ನೋಡಿ!" ಎಂದುಬಿಟ್ಟ.

"ಶಾಭಾಸ್" ಎಂದು ದಫೇದಾರ ಕುದುರೆ ಹತ್ತಿದ. ಇನ್ನು ಹತ್ತು ಎಣಿಸುವಷ್ಟು ಹೊತ್ತು ಕುಳ್ಳಯ್ಯ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮರಿಸ್ವಾಮಿ ಅವನ ಎದೆಯ ಮೇಲೆ ಕೂತ, ಸೋಮಾಚಾರಿ ಬಾಯಿಗೆ ಅಂಗೈ ಒತ್ತಿ ಹಿಡಿದ. ಕುಳ್ಳಯ್ಯ ಆ ಅಂಗೈಯನ್ನು ಕಚ್ಚಿದ.

"ಲೇ ಸುಳ್ಳ! ಅದು ನನ್ ಬೀಗ ಕಣ್ಲಾ! ನಾನ್ ಮಾಡಿದ್ದು!"

ದಫೇದಾರ ನಿಧಾನವಾಗಿ ಕುದುರೆಯಿಂದಿಳಿದ.

"ಒಳಗಿರೋನು ತನ್ನದು ಅಂತಾನೆ, ಹೊರಗಿರೋನು ತನ್ನದು ಅಂತಾನೆ. ಹೆಂಡದಂಗಡಿಗೆ ಬೀಗ ಮಾಡಿಕೊಟ್ಟೋನಿಗೆ ಪಟ್ಟಣದ ಕೋಟೇಲಿ ಒಂದು ತಿಂಗಳು ಕಲ್ಲು ಹೊರೋ ಕೆಲಸ ಇದೆ. ಈಗ ಹೇಳಿ, ಯಾರದು?"

"ನಂದೇಯ" ಎಂದ ಮೂಗಾಚಾರಿ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನಂದು!" ಎಂದು ಕೂಗಿದ ಕುಳ್ಳಯ್ಯ.

"ಹಾಗಾದ್ರೆ ಯಾರು ತೆಗೀತೀರೋ ಅವರದು."

"ಬ್ಯಾಡ ಕಣ್ಲಾ, ನಿನ್ ದಮ್ಮಯ್ಯ!" ಎಂದು ಗೆಳೆಯರು ಕಾಲು ಹಿಡಿದರು. ಕುಳ್ಳಯ್ಯನ ಕಿವಿಗೆ ಬೀಳಲಿಲ್ಲ.

"ಎರಡು ಈಚಲ ಮುಳ್ಳು ತಕೊಳಿ ಬುದ್ಧಿ. ತಳದ ತೂತ್ನಾಗೆ ಎಡಕ್ಕೊಂದು ಬಲಕ್ಕೊಂದು ತೂರ್ಸಿ. ಈಗ ಅಮುಕಿ!"

ಟಕ್! ಬೀಗ ಕಳಚಿ ನೆಲಕ್ಕೆ ಬಿತ್ತು. ಬಾಗಿಲು ತೆರೆಯಿತು. ಕುಳ್ಳಯ್ಯ ಮೀಸೆ ತಿರುವುತ್ತ ಹೊರಬಂದ. ದಫೇದಾರ ಅದೇ ಕೈಗೆ ಹಗ್ಗ ಹಾಕಿದ. ಆ ಗಡಿಬಿಡಿಯಲ್ಲಿ ಗೆಳೆಯರಿಬ್ಬರೂ ಈಚಲು ಮರಗಳ ನಡುವೆ ಓಡಿಹೋದರು.

ದೊಡ್ಡತಾಯಮ್ಮ ಬಾವಿಯೊಳಗೆ ಬಗ್ಗಿ ನೋಡಿ, "ನಿನ್ ಮನೆ ಆಳಾಗ! ಎರಡು ಮುಳ್ಳಿಗೆ ಬರೋ ಬೀಗವಾ ಇಷ್ಟು ವರ್ಷ ನಂಬ್ಕೊಂಡಿದ್ದು ನಾನು?" ಎಂದು ತಲೆ ಚಚ್ಚಿಕೊಂಡಳು.

ಮೂಗಾಚಾರಿ ಬೀಗ ಎತ್ತಿಕೊಂಡು ಆಚೆ ಈಚೆ ತಿರುಗಿಸಿ ನೋಡಿದ. ಆಮೇಲೆ ಅದನ್ನು ಕುಳ್ಳಯ್ಯನ ಕಟ್ಟಿದ ಕೈಗಳ ನಡುವೆ ಮೆತ್ತಗೆ ಇಟ್ಟ.

"ದಿಟ ಬುದ್ಧಿ, ತಪ್ಪಾಯ್ತು. ಇದು ನಂದಲ್ಲ. ಮುಳ್ಳಿಗೆ ಬಾಯ್ ಬುಡೋ ಬೀಗ ನಾನು ಮಾಡಾಕಿಲ್ಲ. ಇವನ್ದೇಯ." ಚೀಲವನ್ನು ಹೆಗಲಿಗೇರಿಸಿದ. "ಅಂದಂಗೆ, ನಿನ್ ಎಸ್ರೇನಪ್ಪಾ?"

ಕುಳ್ಳಯ್ಯ ತಲೆ ತಗ್ಗಿಸಿ ಹೇಳಿದ.

ಮೂಗಾಚಾರಿ ನಾಗಮಂಗಲದ ಕಡೆಗಿದ್ದ ಮುಖವನ್ನು ಪಟ್ಟಣದ ಕಡೆಗೆ ತಿರುಗಿಸಿ ನಡೆದ. ಅದೇ ದಾರಿಯಲ್ಲಿ, ಕುದುರೆಯ ಹಿಂದೆ, ಕುಳ್ಳಯ್ಯನೂ ನಡೆದ.