ವೆಲ್ವೆಟ್ಟು ತಂದ ವೈರಾಗ್ಯ

ನಮ್ಮ ಮನೆಯಲ್ಲಿ ಮನುಷ್ಯರು ಕೂರುವ ಜಾಗದಲ್ಲೆಲ್ಲ ಬಟ್ಟೆ ಕೂತು ಒಂದು ವಾರವಾಗಿತ್ತು. ಸೋಫಾದ ಮೇಲೆ ಕೆಂಪು ವೆಲ್ವೆಟ್ಟು, ಊಟದ ಮೇಜಿನ ಮೇಲೆ ಸ್ಯಾಟಿನ್ನು, ನನ್ನ ಕುರ್ಚಿಯ ಮೇಲೆ ಮುಟ್ಟಿದರೆ ಜಾರಿ ಓಡುವ ಆರ್ಗಂಜಾ. ವರ್ಷದ ಕೊನೆಯ ರಜೆ ಬಂತೆಂದರೆ ನಮ್ಮ ಕಟ್ಟಡದ ಮಕ್ಕಳೆಲ್ಲ ಕೆಳಗಿನ ಹಾಲಿನಲ್ಲಿ ಸೇರಿ ಹಾಡು, ನಾಟಕ ಎಂದು ಕುಣಿಯುತ್ತಾರೆ. ಆ ಹಾಲಿನ ಅಲಂಕಾರವನ್ನೆಲ್ಲ ಹೊಲಿದುಕೊಡುತ್ತೇನೆಂದು ನನ್ನ ಹೆಂಡತಿ ಒಪ್ಪಿಕೊಂಡಿದ್ದಳು. ಕಾಗದದಲ್ಲಿ ಮಾಡಿದ್ದರೆ ಅರ್ಧ ದಿನದ ಕೆಲಸ. ಆದರೆ ಪಕ್ಕದ ಕಟ್ಟಡದವರು ಕಾಗದದಲ್ಲಿ ಮಾಡುತ್ತಾರಂತೆ. (ಇದಕ್ಕಿಂತ ದೊಡ್ಡ ಕಾರಣ ಬೇಕೆ?)

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವವನು. ಸಾಮ್ರಾಜ್ಯಗಳು ಏಕೆ ಬಿದ್ದವು ಎಂದು ಗಂಟೆಗಟ್ಟಲೆ ಹೇಳಬಲ್ಲೆ. ಬಾಯಿ ಮುಚ್ಚಿಕೊಂಡಿರುವ ವಿದ್ಯೆ ಮಾತ್ರ ಒಲಿದಿಲ್ಲ.

"ಬಟ್ಟೆ ತಾನೆ? ಕತ್ತರಿಸಿ ಹೊಲಿದ್ರೆ ಆಯ್ತಪ್ಪ. ಇದಕ್ಕೆ ಒಂದು ವಾರ ಬೇಕಾ?" ಎಂದುಬಿಟ್ಟೆ.

ಅವಳ ಬಾಯ್ತುಂಬ ಗುಂಡುಪಿನ್ನುಗಳಿದ್ದವು. ಹಾಗಾಗಿ ಮಾತಾಡಲಿಲ್ಲ. ಕತ್ತರಿಯನ್ನೂ ರಟ್ಟಿನ ನಕ್ಷತ್ರವೊಂದನ್ನೂ ನನ್ನ ಕೈಗಿಟ್ಟು, ಗಲ್ಲದಿಂದಲೇ ಸೋಫಾದ ಕಡೆ ತೋರಿಸಿದಳು.

ಚೂರು ಬಟ್ಟೆಯೂ ಹಾಳಾಗದಂತೆ ಉದ್ದಕ್ಕೆ, ಅಡ್ಡಕ್ಕೆ, ಓರೆಗೆ ರಟ್ಟನ್ನಿಟ್ಟು, ಮಹಾ ಮಿತವ್ಯಯದಿಂದ ನಕ್ಷತ್ರಗಳನ್ನು ಕತ್ತರಿಸಿದೆ. ಅವಳು ಅವನ್ನೆಲ್ಲ ಸಾಲಾಗಿ ನೆಲದ ಮೇಲೆ ಹರಡಿ, ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದಳು. ಅದು ಒಳ್ಳೆಯ ಲಕ್ಷಣವಲ್ಲ.

"ಇದೇನ್ರೀ, ಒಂದು ಕೆಂಪು, ಇನ್ನೊಂದು ಕಪ್ಪು?"

"ಎಲ್ಲಾ ಒಂದೇ ಬಟ್ಟೆ ಕಣೇ. ನಾನೇನು ಬಣ್ಣ ಬಳಿದ್ನಾ?"

"ವೆಲ್ವೆಟ್ಟಿಗೆ ರೋಮ ಇರತ್ತೆ. ಎಲ್ಲಾ ಒಂದೇ ಕಡೆಗೆ ಮಲಗಿರೋ ಹಾಗೆ ಕತ್ತರಿಸ್ಬೇಕು. ತಿರುಗಿದ್ರೆ ಬಣ್ಣವೇ ಬೇರೆ ಕಾಣತ್ತೆ. ಬೆಕ್ಕಿನ ಬೆನ್ನು ಸವರಿದ್ದೀರೋ ಇಲ್ವೋ?"

"ಸವರಿದ್ದೀನಿ. ಬೆಕ್ಕನ್ನ ನಕ್ಷತ್ರ ಮಾಡು ಅಂತ ಯಾರೂ ಹೇಳಿರ್ಲಿಲ್ಲ."

ಈ ಚತುರೋಕ್ತಿಗೆ ಸಿಕ್ಕಿದ್ದು ಹಿಂಬಡ್ತಿ. ಕತ್ತರಿಸುವ ಹುದ್ದೆಯಿಂದ ಇಳಿಸಿ, ಅಂಚು ಸಮ ಮಾಡುವ ಹುದ್ದೆಗೆ ಹಾಕಿದಳು. ಫ್ಯಾನಿನ ಕೆಳಗೆ ಕೂತು ಮಧ್ಯಾಹ್ನವೆಲ್ಲ ಕೆಂಪು ಅಂಚುಗಳನ್ನು ಕಚಕಚ ಕತ್ತರಿಸಿದೆ. ಕನ್ನಡಕಕ್ಕೆ ಪದೇಪದೇ ಏನೋ ಮೆತ್ತಿಕೊಳ್ಳುತ್ತಿತ್ತು, ಬೇಸತ್ತು ತೆಗೆದಿಟ್ಟೆ. ಗಂಟಲು ಕೆರೆಯಿತು. ಎದ್ದು ಬಚ್ಚಲಿಗೆ ಹೋಗಿ, ಕರವಸ್ತ್ರ ಹಿಡಿದು ಜೋರಾಗಿ ಕೆಮ್ಮಿದೆ.

ಕರವಸ್ತ್ರ ಕೆಂಪಾಗಿತ್ತು.

ಇನ್ನೊಮ್ಮೆ ಕೆಮ್ಮಿದೆ. ಇನ್ನಷ್ಟು ಕೆಂಪು. ಕನ್ನಡಿಯಲ್ಲಿ ನೋಡಿಕೊಂಡರೆ ಮೂಗಿನ ತುದಿಯಲ್ಲೂ ಕೆಂಪು. ಮಗುಚಿಟ್ಟಿದ್ದ ಬಕೆಟ್ಟಿನ ಮೇಲೆ ಕೂತುಬಿಟ್ಟೆ. ಶಾಲೆಯಲ್ಲಿ ಹತ್ತನೇ ತರಗತಿಗೆ ಇನ್ನೂ ಮೂರು ಪಾಠ ಬಾಕಿ ಇತ್ತು. ಅದನ್ನು ಯಾರೋ ಬೇರೆಯವರು ಮುಗಿಸುತ್ತಾರೆ ಎಂದುಕೊಂಡಾಗ, ಆ ಬೇರೆಯವರ ಮೇಲೆ ಸಿಟ್ಟೂ ಬರಲಿಲ್ಲ. ಅಷ್ಟು ವೈರಾಗ್ಯ.

ಹೆಂಡತಿಗೆ ಹೇಳುವುದು ಬೇಡ, ಬಡಪಾಯಿ ತಡೆದುಕೊಳ್ಳಲಾರಳು ಎಂದು ನಿರ್ಧರಿಸಿದೆ. ಹೊರಗೆ ಬಂದು ಅವಳ ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ನಿಂತೆ. ಮೇಲಿನ ವೆಲ್ವೆಟ್ಟು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಸರಿಯುತ್ತಿದ್ದವು. ಅವಳು ಎರಡನ್ನೂ ಒತ್ತಿ ಹಿಡಿದು ನಿಧಾನವಾಗಿ ಹೊಲಿಯುತ್ತಿದ್ದಳು. ಮಿಷನ್ನನ್ನು ಅಡುಗೆಮನೆ ಬಾಗಿಲ ಸಂದಿಯಲ್ಲಿ ಇಟ್ಟುಕೊಂಡಿದ್ದಳು. ಯಾರಾದರೂ ನೀರು ಕುಡಿಯಬೇಕೆಂದರೆ ಅವಳು ಏಳಬೇಕು. ಇಷ್ಟು ವರ್ಷ ನನಗೆ ಅದು ಕಂಡೇ ಇರಲಿಲ್ಲ.

"ನೋಡು," ಎಂದೆ, "ನನ್ನ ಓದುವ ಕೋಣೆ ಇದೆಯಲ್ಲ. ಇವತ್ತಿಂದ ಅದು ನಿಂದು. ಮಿಷನ್ನು, ಬಟ್ಟೆ ಎಲ್ಲಾ ಅಲ್ಲಿಟ್ಕೋ. ಬೆಳಕು ಚೆನ್ನಾಗಿದೆ."

ಮಿಷನ್ನು ನಿಂತಿತು. "ನಿಮ್ಮ ಪುಸ್ತಕ?"

"ಪುಸ್ತಕ ಯಾರಿಗೆ ಶಾಶ್ವತ?"

"ಜ್ವರ ಏನಾದ್ರೂ ಬಂದಿದ್ಯಾ?"

"ಇಲ್ಲ. ಹಾಗೇ ಅನ್ನಿಸ್ತು. ಇನ್ನೊಂದು ಮಾತು. ನಿಮ್ಮಮ್ಮ ಒಬ್ಬರೇ ಯಾಕೆ ಇರ್ಬೇಕು? ಬರೋಕೆ ಹೇಳು. ಎಷ್ಟು ದಿನ ಬೇಕಾದ್ರೂ ಇರ್ಲಿ. ನಿನಗೂ ಜೊತೆ ಆಗತ್ತೆ."

ಕೊನೆಯ ಮಾತು ಹೇಳುವಾಗ ನನ್ನ ಕಣ್ಣು ಒದ್ದೆಯಾಯಿತು. ಅವಳ ಕಣ್ಣೂ ಒದ್ದೆಯಾಯಿತು. ಇಬ್ಬರ ಕಾರಣಗಳು ಬೇರೆ.

ಅವಳು ಫೋನು ಎತ್ತಿಕೊಂಡಾಗ ನಾನು ಸದ್ದಿಲ್ಲದೆ ಹೊರಟೆ. ಹಿಂದಿನ ಬೀದಿಯ ಡಾಕ್ಟರಮ್ಮನ ಶಾಪಿನಲ್ಲಿ ನನಗಿಂತ ಮುಂಚೆ ಬಂದವರು ನಾಲ್ಕಾರು ಜನ ಕೂತಿದ್ದರು. ನೆಗಡಿ, ಕಾಲು ಉಳುಕು, ಇಂಥ ಸಣ್ಣಪುಟ್ಟ ಸುಖದ ಕಾಯಿಲೆಗಳವರು. ಅವರನ್ನು ಕರುಣೆಯಿಂದ ನೋಡಿದೆ. ನನ್ನ ಸರದಿ ಬಂದಾಗ ಪ್ಲಾಸ್ಟಿಕ್ ಕವರಿನಿಂದ ಕರವಸ್ತ್ರ ತೆಗೆದು ಮೇಜಿನ ಮೇಲಿಟ್ಟೆ.

"ನಿಜ ಹೇಳ್ಬಿಡಿ ಡಾಕ್ಟ್ರೇ. ನಾನು ಧೈರ್ಯವಾಗಿದ್ದೀನಿ." ಕುರ್ಚಿಯ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ.

ಅವರು ದೀಪ ಹತ್ತಿರ ಎಳೆದುಕೊಂಡರು. ಚಿಮಟದಿಂದ ಕರವಸ್ತ್ರದ ಮೇಲಿನದನ್ನು ಎತ್ತಿ ನೋಡಿದರು. ಆಮೇಲೆ ನನ್ನ ಮೂಗಿನೊಳಗೆ ಟಾರ್ಚು ಬಿಟ್ಟರು.

"ಮೇಷ್ಟ್ರೇ, ಮನೇಲಿ ಯಾರಾದ್ರೂ ವೆಲ್ವೆಟ್ಟು ಹೊಲಿತಿದ್ದಾರಾ?"

"ಹೌದು. ನನ್ನ ಹೆಂಡತಿ. ನಾನು ಅಂಚು ಕತ್ತರಿಸ್ತಿದ್ದೆ. ಪಾಪ, ಅದನ್ನ ಮುಗಿಸೋಕೂ ಆಗ್ಲಿಲ್ಲ."

"ಕತ್ತರಿಸಿದ್ದೆಲ್ಲಾ ಇಲ್ಲೇ ಇದೆ," ಎಂದರು, ನನ್ನ ಮೂಗು ತೋರಿಸಿ. "ಇದು ರಕ್ತ ಅಲ್ಲ, ಬಟ್ಟೆ ಧೂಳು. ಮೂಗು ತೊಳ್ಕೊಳ್ಳಿ. ಬಿಸಿನೀರಲ್ಲಿ ಬಾಯಿ ಮುಕ್ಕಳಿಸಿ. ಇನ್ಮೇಲೆ ಮೂಗಿಗೆ ಬಟ್ಟೆ ಕಟ್ಕೊಂಡು ಕೂತ್ಕೊಳ್ಳಿ. ವೆಲ್ವೆಟ್ಟು ಬೇಡ, ಹತ್ತಿಬಟ್ಟೆ."

ಬೀದಿಗಿಳಿದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಎದುರಾದವರಿಗೆಲ್ಲ ನಮಸ್ಕಾರ ಹೊಡೆದೆ. ಬಾಳೆಹಣ್ಣಿನ ಗಾಡಿಯವನ ಹತ್ತಿರ ಚೌಕಾಸಿಯಿಲ್ಲದೆ ಹಣ್ಣು ಕೊಂಡು, ಒಂದನ್ನು ಸುಲಿದು ಬಾಯಿಗಿಟ್ಟೆ. ಅರ್ಧ ನುಂಗಿರಬಹುದು, ಓದುವ ಕೋಣೆ ನೆನಪಾಯಿತು. ಹಣ್ಣು ಗಂಟಲಲ್ಲೇ ನಿಂತಿತು. ಅದರ ಹಿಂದೆಯೇ ಅತ್ತೆ ನೆನಪಾದರು.

ಓಡಿದೆ.

ಮನೆ ಬಾಗಿಲಲ್ಲಿ ಒಂದು ಟ್ರಂಕು, ಎರಡು ಚೀಲ. ಅತ್ತೆ ಊರಾಚೆಯವರೇನಲ್ಲ, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಳಿಯ ಬಾಯಿಬಿಟ್ಟು ಕರೆದಿದ್ದಾನೆಂದು ತಿಳಿದ ಮೇಲೆ ಬಸ್ಸಿಗೂ ಕಾಯದೆ ಆಟೋದಲ್ಲಿ ಬಂದಿದ್ದರು. ಒಳಗೆ ನನ್ನ ಪುಸ್ತಕಗಳೆಲ್ಲ ವರಾಂಡದಲ್ಲಿ ಗೋಡೆಗೆ ಒರಗಿದ್ದವು. ಹೊಲಿಗೆ ಮಿಷನ್ನು ಕಿಟಕಿಯ ಬೆಳಕಿನಲ್ಲಿ, ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂತಿತ್ತು.

ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ಹೆಂಡತಿಯನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಕೆಮ್ಮು, ಕರವಸ್ತ್ರ, ಬಕೆಟ್ಟು, ಟಾರ್ಚು.

"ಸಾಯ್ತೀನಿ ಅಂದ್ಕೊಂಡು ಕೊಟ್ಟಿದ್ದು ಕಣೇ ಅದು."

ಅವಳ ಮುಖ ಬಿಳಿಚಿಕೊಂಡಿತು. ನನ್ನ ತೋಳು ಹಿಡಿದು ಹಾಗೇ ಕೂತಳು.

"ಅಂಥಾದ್ದು ಕಂಡಾಗ ನನಗೆ ಒಂದು ಮಾತು ಹೇಳ್ಬಾರ್ದಾ? ಒಬ್ಬರೇ ಹೋದ್ರಾ? ದಾರೀಲಿ ಏನಾದ್ರೂ ಆಗಿದ್ರೆ?"

ಅವಳ ಕೈ ತಟ್ಟಿ ಸಮಾಧಾನ ಮಾಡಿದೆ. ಕೋಣೆ ವಾಪಸ್ಸು ಸಿಕ್ಕೇ ಸಿಗುತ್ತದೆ ಎಂಬ ಭರವಸೆಯೂ ಬಂತು.

"ಈಗ ಏನೂ ಇಲ್ಲ ತಾನೆ?"

"ಏನೂ ಇಲ್ಲ."

"ಎದೆ, ಉಸಿರು, ಎಲ್ಲಾ ಸರಿಯಾಗಿದ್ಯಂತಾ?"

"ಗಟ್ಟಿಮುಟ್ಟಾಗಿದ್ದೀನಂತೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ನಿಟ್ಟುಸಿರುಬಿಟ್ಟು ಎದ್ದಳು.

"ಹಾಗಾದ್ರೆ ಬನ್ನಿ. ನಿಮ್ಮ ಬೀರು ಒಂದು ಒಳಗೇ ಉಳಿದಿದೆ. ನನಗೂ ಅಮ್ಮನಿಗೂ ಅಲ್ಲಾಡಿಸೋಕೆ ಆಗ್ಲಿಲ್ಲ."

ತಳ್ಳಿದೆ. ಕೋಣೆಯೊಳಗಿನಿಂದ ಅತ್ತೆ, "ನಿಧಾನ ಅಳಿಯಂದ್ರೇ, ನಮ್ಮ ನೆಲಕ್ಕೆ ಗೀರು ಬೀಳತ್ತೆ," ಎಂದರು.